ಧ್ವನಿವರ್ಧಕದ ಜಾತಕ

ಹೋದ ವರ್ಷ ಧನುರ್ಮಾಸದ ಒಂದು ಬೆಳಗ್ಗೆ ಮೈಸೂರಿನಿಂದ ನನ್ನ ಅಕ್ಕ ಫೋನು ಮಾಡಿದಳು. "ನಿಮ್ಮ ಭಾವನವರ ಹಾಡಿನ ಪೆಟ್ಟಿಗೆಗಳನ್ನು ಕೊಳ್ಳುವುದಕ್ಕೆ ಬೆಂಗಳೂರಿನವರೊಬ್ಬರು ಬಂದಿದ್ದರು ಕಣೋ. ಯಾವ ಇಸವಿಯವು ಎಂದು ಕೇಳಿದರು. ದುರ್ಮುಖಿ ಸಂವತ್ಸರದಲ್ಲಿ ತಂದದ್ದು ಎಂದೆ. ಅವರು ನಕ್ಕುಬಿಟ್ಟರು. ನೀನು ಬಂದು ಸರಿಯಾಗಿ ನೋಡಿ ಹೇಳು" ಎಂದಳು.

ಅಕ್ಕನಿಗೆ ತೊಂಬತ್ತು ಸಮೀಪಿಸಿದೆ. ಅವಳ ಲೆಕ್ಕದಲ್ಲಿ ಮದುವೆ, ಬಾಣಂತನ, ಮನೆ ಕಟ್ಟಿಸಿದ್ದು ಎಲ್ಲವೂ ಸಂವತ್ಸರದ ಹೆಸರಿನಿಂದಲೇ. ನಗುವಂಥದ್ದೇನೂ ಅದರಲ್ಲಿಲ್ಲ. ದುರ್ಮುಖಿಯೆಂದರೆ 1956ರ ಯುಗಾದಿಯಿಂದ 1957ರ ಯುಗಾದಿಯವರೆಗೆ. ಇಂಜಿನಿಯರಾಗಿದ್ದ ಭಾವನವರು ತರಬೇತಿಗೆಂದು ಅಮೆರಿಕಕ್ಕೆ ಹೋಗಿ ಬಂದದ್ದು ಆ ವರ್ಷದಲ್ಲಿಯೇ. ಬರುವಾಗ ಒಂದು ಜೊತೆ ಧ್ವನಿವರ್ಧಕಗಳನ್ನು ತಂದರು, ಮೈಸೂರಿನ ಬಡಗಿಯಿಂದ ತೇಗದ ಪೆಟ್ಟಿಗೆ ಮಾಡಿಸಿ ಕೂರಿಸಿದರು ಎಂಬುದು ನಮ್ಮ ಮನೆತನದಲ್ಲಿ ಎಲ್ಲರೂ ನಂಬಿಕೊಂಡು ಬಂದ ಮಾತು. ಒಂದೇ ವರ್ಷದ, ಒಂದೇ ಕೈಯ ಜೊತೆಯಾದರೆ ಕೊಳ್ಳುವವರು ಒಳ್ಳೆಯ ಬೆಲೆ ಕೊಡುವುದಾಗಿ ಹೇಳಿದ್ದರಂತೆ. ಅಕ್ಕನಿಗೆ ಆ ಹಣ ಬೇಕಾಗಿತ್ತು.

ಧ್ವನಿವರ್ಧಕ ಎಂಬ ನಮ್ಮ ಮಾತು ಕೊಂಚ ಮೋಸದ ಮಾತು. ಧ್ವನಿಯನ್ನು ವರ್ಧಿಸುವ ಯಂತ್ರ ಬೇರೆ. ಅದಕ್ಕೆ ಆಂಪ್ಲಿಫೈಯರ್ ಎಂದು ಹೆಸರು. ಇದು ವರ್ಧಿಸಿದ ವಿದ್ಯುತ್ತನ್ನು ಮತ್ತೆ ಗಾಳಿಯ ಅಲೆಯಾಗಿ ಮಾರ್ಪಡಿಸುವ ಸಾಧನ ಅಷ್ಟೆ. ಒಂದು ಅಯಸ್ಕಾಂತ, ಅದರ ಬಾಯಲ್ಲಿ ಆಡುವ ತೆಳು ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಕು, ಇವನ್ನೆಲ್ಲ ಹಿಡಿದಿಡುವ ತಗಡಿನ ಚೌಕಟ್ಟು: ಇವಿಷ್ಟೇ ಅದರ ಅಂಗಗಳು. ಹಾಡು ಕೇಳುವವರು ಇದರ ಮುಖವನ್ನು ನೋಡುತ್ತಾರೆ. ವಯಸ್ಸು ತಿಳಿಯಬೇಕಾದವನು ಬೆನ್ನನ್ನು ನೋಡಬೇಕು.

ಈ ವಿದ್ಯೆ ನನಗೆ ಬಂದದ್ದು ರೇಡಿಯೋ ರಿಪೇರಿಯ ಹವ್ಯಾಸದಿಂದ. ಆದರೆ ಇದರ ಕ್ರಮವನ್ನು ನಾನು ಕಲಿತದ್ದು ಶಾಸನಗಳ ಪುಸ್ತಕಗಳಿಂದ ಎಂದರೆ ಓದುಗರು ಆಶ್ಚರ್ಯಪಡಬಾರದು. ಬಾದಾಮಿಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಅದರಲ್ಲಿ ಶಕವರ್ಷ 500 ಎಂದು ಸ್ಪಷ್ಟವಾಗಿ ಹೇಳಿದೆ, ಎಂದರೆ ಕ್ರಿ.ಶ. 578. ಅಲ್ಲಿ ವಾದಕ್ಕೆ ಎಡೆಯಿಲ್ಲ. ಹಲ್ಮಿಡಿಯ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಅದನ್ನು ಸುಮಾರು 450ರದೆಂದು ವಿದ್ವಾಂಸರು ಹೇಳುವುದು ಮುಖ್ಯವಾಗಿ ಅಕ್ಷರಗಳ ರೂಪವನ್ನು ನೋಡಿ. ಧ್ವನಿವರ್ಧಕಗಳಲ್ಲಿಯೂ ಹೀಗೆ ಎರಡು ಬಗೆಯ ಸಾಕ್ಷ್ಯಗಳು: ಮಾಡಿದವನು ಒತ್ತಿದ ಅಂಕೆ ಒಂದು, ಮಾಡಿದ ರೀತಿ ಇನ್ನೊಂದು. ಎರಡೂ ಒಂದೇ ಮಾತನ್ನು ಹೇಳಿದಾಗ ಮಾತ್ರ ನಿಶ್ಚಿಂತೆ.

ಮೊದಲು ಮಾಡಿದ ರೀತಿಯನ್ನು ನೋಡೋಣ. ಇದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ಭಾವನವರ ಧ್ವನಿವರ್ಧಕಗಳ ಬೆನ್ನ ಮೇಲಿದ್ದ ಹೆಸರು ಜೆನ್ಸೆನ್. ಪೀಟರ್ ಜೆನ್ಸೆನ್ ಎಂಬಾತ ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. ಅವನೂ ಎಡ್ವಿನ್ ಪ್ರಿಡಮ್ ಎಂಬ ಇಂಜಿನಿಯರೂ ಕ್ಯಾಲಿಫೋರ್ನಿಯದ ನಾಪಾ ಎಂಬ ಊರಿನಲ್ಲಿ ಕುಳಿತು, ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ಆಡಿಸಿ ಅದಕ್ಕೊಂದು ಕಹಳೆಯನ್ನು ಜೋಡಿಸಿದರು. ಸುರುಳಿ ಆಡಿಸುವ ಕಲ್ಪನೆ ಹೊಸದಲ್ಲ. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಊರಿಗೆ ಕೇಳುವಂತೆ ಅದನ್ನು ಮಾಡಿ ತೋರಿಸಿದವರು ಇವರು. 1915ರ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ನಗರಭವನದ ಮುಂದೆ ಸೇರಿದ ಜನಸ್ತೋಮ ಇದರ ಮೂಲಕ ಸಂಗೀತ ಕೇಳಿತು. ತಮ್ಮ ಯಂತ್ರಕ್ಕೆ ಅವರು ಲ್ಯಾಟಿನಿನಲ್ಲಿ 'ಮಹಾಧ್ವನಿ' ಎಂದು ಅರ್ಥ ಬರುವಂತೆ ಮ್ಯಾಗ್ನವಾಕ್ಸ್ ಎಂಬ ಹೆಸರಿಟ್ಟರು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ರಾಷ್ಟ್ರಸಂಘದ ಪರವಾಗಿ ಸ್ಯಾನ್ ಡಿಯಾಗೋದಲ್ಲಿ ಮಾತಾಡಿದಾಗ ಸುಮಾರು 50,000 ಜನರಿಗೆ ಅವನ ಮಾತನ್ನು ಮುಟ್ಟಿಸಿದ್ದು ಈ ಕಹಳೆಗಳೇ. ಆಮೇಲೆ ಜೆನ್ಸೆನ್ ಆ ಸಂಸ್ಥೆಯನ್ನು ಬಿಟ್ಟು 1927ರಲ್ಲಿ ತನ್ನ ಹೆಸರಿನಲ್ಲಿಯೇ ಬೇರೆ ಕಾರ್ಖಾನೆ ತೆರೆದನು. ಅದು ಚಿಕಾಗೋದಲ್ಲಿ ನೆಲೆಯೂರಿತು.

ಕಹಳೆಯನ್ನು ಕಳಚಿ, ಕಾಗದದ ಶಂಕುವನ್ನೇ ನೇರವಾಗಿ ಗಾಳಿಗೆ ತಾಗಿಸುವ ಇಂದಿನ ರೂಪವನ್ನು ನೆಲೆಗೊಳಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಹೊರಬಂದದ್ದು 1925ರಲ್ಲಿ. ಅದರಂತೆ ಮಾಡಿದ ರೇಡಿಯೋಲ 104 ಎಂಬ ಯಂತ್ರ 1926ರಲ್ಲಿ ಅಂಗಡಿಗೆ ಬಂತು. ನಮ್ಮ ಶಾಸನಗಳನ್ನು ಹುಡುಕಿ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚು ಹಾಕಿಸಿದವರೂ ಒಬ್ಬ ರೈಸ್ ಸಾಹೇಬರು. ಹೆಸರಿನ ಹೊಂದಿಕೆ ಆಕಸ್ಮಿಕವೇ ಆದರೂ, ನನ್ನಂಥವನಿಗೆ ಇಬ್ಬರ ಋಣವೂ ಇದೆ.

ರೈಸ್ ಮತ್ತು ಕೆಲಾಗರ ಕಾಲದಲ್ಲಿ ಸಾಕಷ್ಟು ಬಲವುಳ್ಳ ಶಾಶ್ವತ ಅಯಸ್ಕಾಂತ ಅಗ್ಗವಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಕಬ್ಬಿಣದ ಸುತ್ತ ದಪ್ಪ ಸುರುಳಿ ಸುತ್ತಿ, ರೇಡಿಯೋದಿಂದಲೇ ವಿದ್ಯುತ್ತು ಹರಿಸಿ ಅಯಸ್ಕಾಂತ ಮಾಡುತ್ತಿದ್ದರು. 1930ರ ದಶಕದ ಧ್ವನಿವರ್ಧಕಗಳನ್ನು ತಿರುಗಿಸಿದರೆ ಬೆನ್ನಿನಲ್ಲಿ ದೊಡ್ಡ ಡಬ್ಬಿಯೂ ಹೆಚ್ಚುವರಿ ಎರಡು ತಂತಿಗಳೂ ಕಾಣುವುದು ಇದಕ್ಕಾಗಿ. ಈ ನಡುವೆ 1931ರಲ್ಲಿ ಜಪಾನಿನ ಮಿಶಿಮ ಎಂಬ ವಿಜ್ಞಾನಿ ಅಲ್ಯೂಮಿನಿಯಂ ಮತ್ತು ನಿಕ್ಕಲ್ ಬೆರೆತ ಪ್ರಬಲವಾದ ಅಯಸ್ಕಾಂತ ಲೋಹವೊಂದನ್ನು ಕಂಡುಹಿಡಿದನು. ಅದಕ್ಕೆ ಕೋಬಾಲ್ಟನ್ನೂ ಸೇರಿಸಿ ಬೆಳೆದ ಲೋಹಗಳ ವಂಶವೇ ಆಲ್ನಿಕೊ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇದು ಹಳೆಯ ವಿದ್ಯುತ್ ಸುರುಳಿಯನ್ನು ಮೂಲೆಗೆ ಸೇರಿಸಿತು. ಡಬ್ಬಿ ಹೋಗಿ ಬೆನ್ನ ಮೇಲೆ ಪುಟ್ಟ ಗಂಟೆಯಂಥ ಮುಚ್ಚಳ ಬಂತು.

1950ರ ದಶಕದ ಆರಂಭದಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯವರು ಮಣ್ಣಿನ ಬಿಲ್ಲೆಯಂತೆ ಸುಟ್ಟು ಮಾಡುವ ಫೆರೈಟ್ ಅಯಸ್ಕಾಂತವನ್ನು ತಂದರು. ಕಪ್ಪಗೆ ಚಪ್ಪಟೆಯಾಗಿ ಒಬ್ಬಟ್ಟಿನಂತೆ ಅಗಲವಾಗಿರುವುದು ಇದರ ಗುರುತು. ಬೆಲೆ ಕಡಮೆ. ಆದರೂ ಒಳ್ಳೆಯ ಧ್ವನಿವರ್ಧಕ ಮಾಡುವವರು ಬಹುಕಾಲ ಆಲ್ನಿಕೊವನ್ನು ಬಿಡಲಿಲ್ಲ. ಬಿಡಿಸಿದ್ದು ಯುದ್ಧ. ಪ್ರಪಂಚಕ್ಕೆ ಬೇಕಾದ ಕೋಬಾಲ್ಟಿನ ದೊಡ್ಡ ಪಾಲು ಆಫ್ರಿಕದ ಕಾಂಗೋ ದೇಶದಿಂದ ಬರುತ್ತಿತ್ತು. ಆಗ ಅದಕ್ಕೆ ಜೈರ್ ಎಂದು ಹೆಸರು. 1978ರಲ್ಲಿ ಅಲ್ಲಿಯ ಶಾಬಾ ಪ್ರಾಂತದ ಗಣಿಗಳ ನಾಡಿಗೆ ದಂಗೆಕೋರರು ನುಗ್ಗಿದಾಗ ಕೋಬಾಲ್ಟಿನ ಬೆಲೆ ಗಗನಕ್ಕೇರಿತು. ಅಮೆರಿಕ, ಇಂಗ್ಲೆಂಡು, ಜಪಾನುಗಳ ಅನೇಕ ಕಾರ್ಖಾನೆಗಳು ಫೆರೈಟಿಗೆ ತಿರುಗಿಕೊಂಡವು. ಆಫ್ರಿಕದ ಗಣಿಯ ಗಲಭೆ ಯಾವನೋ ಸಂಗೀತಪ್ರಿಯನ ಪಡಸಾಲೆಯ ಪೆಟ್ಟಿಗೆಯ ಬೆನ್ನಿನಲ್ಲಿ ಗುರುತು ಬಿಟ್ಟುಹೋಗಿದೆ. ಅದನ್ನು ಓದಬಲ್ಲವರಿಗೆ ಅದೂ ಒಂದು ಶಾಸನವೇ.

ಇಂಥ ಗುರುತುಗಳು ಇನ್ನೂ ಇವೆ. 1961ರಲ್ಲಿ ರೇಮಂಡ್ ಕುಕ್ ಇಂಗ್ಲೆಂಡಿನ ಕೆಂಟಿನಲ್ಲಿ ಆರಂಭಿಸಿದ ಕೆ.ಇ.ಎಫ್. ಸಂಸ್ಥೆಯಂಥವರು ಕಾಗದದ ಜಾಗಕ್ಕೆ ಪ್ಲಾಸ್ಟಿಕ್ಕನ್ನು ತಂದರು. ಶಂಕುವಿನ ಅಂಚಿಗೆ ಸ್ಪಂಜಿನಂಥ ಫೋಮ್ ಅಂಟಿಸುವ ಪದ್ಧತಿ ಬಳಕೆಗೆ ಬಂದದ್ದು 1960ರ ದಶಕದ ಕೊನೆಯ ಹೊತ್ತಿಗೆ. ಅದು ಹದಿನೈದಿಪ್ಪತ್ತು ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. 1950ರದೆಂದು ಹೇಳುವ ವಸ್ತುವಿನ ಅಂಚಿನಲ್ಲಿ ಫೋಮ್ ಕಂಡರೆ, ಆ ಶಂಕು ಆಮೇಲೆ ಹಾಕಿದ್ದೆಂದು ತಿಳಿಯಬೇಕು. ಅಂಟಿಸಿದ ಚೀಟಿಯ ವಿಳಾಸವನ್ನೂ ಓದಬೇಕು. ಅಮೆರಿಕದ ದೊಡ್ಡ ಊರುಗಳ ಹೆಸರಿನ ಮುಂದೆ 'ಚಿಕಾಗೋ 38' ಎಂಬಂತೆ ಅಂಚೆ ವಲಯದ ಅಂಕೆ ಬರೆಯುವ ರೂಢಿ 1943ರಲ್ಲಿ ಆರಂಭವಾಯಿತು. 1963ರಲ್ಲಿ ಐದಂಕೆಯ ಜಿಪ್ ಸಂಖ್ಯೆ ಬಂತು. ಶಬ್ದದ ಕಂಪನವನ್ನು 'ಸೈಕಲ್ಸ್' ಎಂದು ಬರೆದಿದೆಯೋ 'ಹರ್ಟ್ಸ್' ಎಂದು ಬರೆದಿದೆಯೋ ನೋಡಬೇಕು. ಹರ್ಟ್ಸ್ ಎಂಬುದಕ್ಕೆ ಅಂತರರಾಷ್ಟ್ರೀಯ ಅಳತೆಯ ಸಮ್ಮೇಳನದ ಮನ್ನಣೆ ದೊರೆತದ್ದು 1960ರಲ್ಲಿ. ಅಂಗಡಿಯ ಚೀಟಿಗಳಿಗೆ ಅದು ಇಳಿಯುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು.

ಇನ್ನು ಒತ್ತಿದ ಅಂಕೆಯ ಮಾತು. ಅಮೆರಿಕದ ರೇಡಿಯೋ ತಯಾರಕರ ಸಂಘವು ಪ್ರತಿಯೊಂದು ಕಾರ್ಖಾನೆಗೂ ಒಂದು ಸಂಖ್ಯೆಯನ್ನು ಗೊತ್ತುಮಾಡಿತು. 1957ರಿಂದ ಈ ಸಂಘಕ್ಕೆ ಇ.ಐ.ಎ. ಎಂಬ ಹೆಸರಾಯಿತು. ಜೆನ್ಸೆನ್ನಿಗೆ 220, ಯೂಟಾಕ್ಕೆ 328, ರೋಲಾಕ್ಕೆ 285, ಕ್ವಾಮಿಗೆ 270. ಚೌಕಟ್ಟಿನ ಮೇಲೆ ಮೊದಲು ಈ ಸಂಖ್ಯೆ, ಆಮೇಲೆ ವರ್ಷ, ಕೊನೆಗೆ ಎರಡಂಕೆಯಲ್ಲಿ ವರ್ಷದ ಎಷ್ಟನೆಯ ವಾರವೆಂಬುದು. ತೊಡಕಿರುವುದು ವರ್ಷದಲ್ಲಿ. ಮೊದಮೊದಲು ವರ್ಷಕ್ಕೆ ಒಂದೇ ಅಂಕೆ ಒತ್ತುತ್ತಿದ್ದರು. 6 ಎಂದರೆ 1946 ಆಗಬಹುದು, 1956 ಆಗಬಹುದು. ನಮ್ಮ ಪೂರ್ವಿಕರು ಶಕವರ್ಷ ಬಿಟ್ಟು ಬರಿಯ ಸಂವತ್ಸರದ ಹೆಸರು ಕೆತ್ತಿಸಿದಾಗ ಆಗುವ ಪಾಡೇ ಇದು. ದುರ್ಮುಖಿ 1896ರಲ್ಲಿ ಬಂತು, 1956ರಲ್ಲಿ ಬಂತು, 2016ರಲ್ಲಿಯೂ ಬಂತು. ಅಲ್ಲಿ ಚಕ್ರ ಅರವತ್ತು ವರ್ಷದ್ದು, ಇಲ್ಲಿ ಹತ್ತು ವರ್ಷದ್ದು, ಅಷ್ಟೇ ಭೇದ. 1950ರ ದಶಕದ ಕೊನೆಯಿಂದೀಚೆಗೆ ಅನೇಕ ಕಾರ್ಖಾನೆಗಳು ವರ್ಷಕ್ಕೆ ಎರಡಂಕೆ ಒತ್ತತೊಡಗಿದ್ದರಿಂದ ಈ ತೊಡಕು ಎಷ್ಟೋ ಮಟ್ಟಿಗೆ ಕಳೆಯಿತು.

ಇಷ್ಟೆಲ್ಲ ತಿಳಿದ ಮೇಲೂ ಮರೆಯಬಾರದ ಮಾತೊಂದಿದೆ. ಅಂಕೆ ಹೇಳುವುದು ತಾನಿರುವ ಅಂಗದ ವಯಸ್ಸನ್ನು ಮಾತ್ರ. ಚೌಕಟ್ಟು ಒಂದು ವರ್ಷದ್ದು, ಶಂಕು ಇನ್ನೊಂದು ವರ್ಷದ್ದು, ಪೆಟ್ಟಿಗೆ ಮತ್ತೊಂದು ವರ್ಷದ್ದು ಆಗಿರಬಹುದು. ಒತ್ತಿದ ಸರಕು ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತಿರಬಹುದು. ಆದ್ದರಿಂದ ಅತ್ಯಂತ ಈಚಿನ ಅಂಕೆಯನ್ನು ಹಿಡಿದು "ಇದಕ್ಕಿಂತ ಮುಂಚಿನದಲ್ಲ" ಎಂದು ಹೇಳುವುದಕ್ಕೆ ನಮಗೆ ಅಧಿಕಾರವುಂಟು; "ಇದೇ ವರ್ಷದ್ದು" ಎನ್ನುವುದಕ್ಕೆ ಇಲ್ಲ. ಹಳೆಯ ಅರಸನ ಹೆಸರು ಹೇಳಿ ಈಚಿನ ಅಕ್ಷರದಲ್ಲಿ ಬರೆದ ಕೂಟಶಾಸನಗಳನ್ನು ಗಂಗರ ತಾಮ್ರಪಟಗಳ ನಡುವೆ ಫ್ಲೀಟ್ ಮೊದಲಾದವರು ಗುರುತಿಸಿದ್ದು ಈ ಎಚ್ಚರದಿಂದಲೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹಳೆಯ ಯಂತ್ರಗಳಿಗೂ ಸಲ್ಲುತ್ತದೆ.

ಮೈಸೂರಿಗೆ ಹೋದ ದಿನವೇ ಮಧ್ಯಾಹ್ನ ಪೆಟ್ಟಿಗೆಗಳ ಬೆನ್ನ ಹಲಗೆ ಬಿಚ್ಚಿದೆ. ಅಕ್ಕ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕುಳಿತಳು. ಎರಡೂ ಹನ್ನೆರಡು ಅಂಗುಲದವು. ಎರಡಕ್ಕೂ ಗಂಟೆಯಂಥ ಮುಚ್ಚಳ, ಆಲ್ನಿಕೊ ಅಯಸ್ಕಾಂತ. ಶಂಕುಗಳು ಮೊದಲಿನವೇ, ಅಂಟು ಬಿಚ್ಚಿದ ಗುರುತಿಲ್ಲ. ಮೊದಲನೆಯದರ ಧೂಳನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದಾಗ 220624 ಎಂಬ ಅಂಕೆ ಕಾಣಿಸಿತು. ಕೊಳ್ಳುವವರು ಇದನ್ನು 62ನೆಯ ಇಸವಿ ಎಂದು ಓದಿಕೊಂಡಿದ್ದರಂತೆ. ಅದು ತಪ್ಪು. ಹಾಗಿದ್ದರೆ ವಾರಕ್ಕೆ ಒಂದೇ ಅಂಕೆ ಉಳಿಯುತ್ತದೆ. ನಾಲ್ಕನೆಯ ವಾರವಾದರೆ 04 ಎಂದಿರಬೇಕಾಗಿತ್ತು. ಇದು ಆರರ ವರ್ಷದ ಇಪ್ಪತ್ತನಾಲ್ಕನೆಯ ವಾರ, ಜೂನ್ ತಿಂಗಳ ನಡುವಣದು. 1946ರದೋ 1956ರದೋ ಎಂಬುದನ್ನು ಅಂಕೆಯೊಂದೇ ಹೇಳಲಾರದು. ಭಾವನವರ ಹಳೆಯ ಪಾಸ್‌ಪೋರ್ಟನ್ನು ಅಕ್ಕ ಟ್ರಂಕಿನಿಂದ ತೆಗೆದುಕೊಟ್ಟಳು: 1956ರ ಆಗಸ್ಟಿನಲ್ಲಿ ಹೋದದ್ದು, 1957ರ ಫೆಬ್ರವರಿಯಲ್ಲಿ ಬಂದದ್ದು. ಹೊಸದೆಂದು ಕೊಂಡ ವಸ್ತು ಹತ್ತು ವರ್ಷ ಹಳೆಯ ಸರಕಾಗಿರುವುದು ದೂರದ ಮಾತು. 1956 ಎಂದು ತೀರ್ಮಾನಿಸಿದೆ. ಅಕ್ಕನ ದುರ್ಮುಖಿ ನಿಜವಾಯಿತು. "ನಾನು ಹೇಳಲಿಲ್ಲವೇ?" ಎಂದಳು.

ಎರಡನೆಯದರ ಮೇಲೆ ಇದ್ದದ್ದು 2206218. ಏಳು ಅಂಕೆ. 220, ಆಮೇಲೆ 62, ಆಮೇಲೆ 18. ಇದನ್ನು ಬೇರೆ ರೀತಿಯಲ್ಲಿ ಓದುವ ದಾರಿಯಿಲ್ಲ: 1962ರ ಹದಿನೆಂಟನೆಯ ವಾರ. ಭಾವನವರು ಹಡಗಿನಿಂದಿಳಿದು ಐದು ವರ್ಷದ ಮೇಲೆ ಚಿಕಾಗೋದಲ್ಲಿ ತಯಾರಾದದ್ದು.

ನಾನು ಒಡನೆ ಏನೂ ಹೇಳಲಿಲ್ಲ. ಅಂಕೆಯನ್ನು ಎರಡು ಸಲ ಓದಿದೆ, ಬೆಳಕಿಗೆ ಹಿಡಿದು ಮತ್ತೊಂದು ಸಲ ಓದಿದೆ. ತೊಂಬತ್ತು ಸಮೀಪಿಸಿದವಳ ನೆನಪನ್ನು ಒಂದು ತಗಡಿನ ತುಂಡು ನಂಬಿ ಕದಲಿಸಬೇಕೇ ಎಂಬ ಯೋಚನೆ ಬಂದದ್ದು ನಿಜ. ಬೆಲೆಯ ಮಾತೂ ಮನಸ್ಸಿನಲ್ಲಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನೋ ಅದು? ಹೇಳು" ಎಂದಳು. ಹೇಳಿದೆ.

"ಇಲ್ಲ, ಎರಡನ್ನೂ ಒಟ್ಟಿಗೇ ತಂದರು" ಎಂದಳು. ಸ್ವಲ್ಪ ಹೊತ್ತು ಕಳೆದ ಮೇಲೆ, "ಆದರೆ ಮೊದಲು ಹಾಡುತ್ತಿದ್ದದ್ದು ಒಂದೇ. ಎರಡು ಬಾಯಿಯ ಗ್ರಾಮಫೋನು ಬರಲಿ ಎಂದು ಇನ್ನೊಂದನ್ನು ಟ್ರಂಕಿನಲ್ಲಿ ಇಟ್ಟಿದ್ದೆ ಎಂದು ಅವರೇ ಹೇಳಿದ್ದರು" ಎಂದಳು.

ಇಲ್ಲಿ ಇತಿಹಾಸ ತೆರೆದುಕೊಂಡಿತು. 'ಎರಡು ಬಾಯಿಯ ಗ್ರಾಮಫೋನು' ಎಂದರೆ ಸ್ಟೀರಿಯೋ. ದೀರ್ಘಕಾಲ ಹಾಡುವ ತಟ್ಟೆ 1948ರಲ್ಲಿಯೇ ಬಂದಿದ್ದರೂ, ಎರಡು ಧ್ವನಿವರ್ಧಕ ಬೇಡುವ ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1958ರಲ್ಲಿ. ಅದಕ್ಕೆ ಮುಂಚೆ ಮನೆಗೆ ಒಂದೇ ಸಾಕಾಗಿತ್ತು. 1957ರ ಫೆಬ್ರವರಿಯಲ್ಲಿ ಊರಿಗೆ ಬಂದವರು ಸ್ಟೀರಿಯೋಗಾಗಿ ಜೊತೆ ತಂದಿಡುವುದು ನಡೆಯದ ಮಾತು. ತಗಡಿನ ಅಂಕೆ, ತಟ್ಟೆಗಳ ಚರಿತ್ರೆ ಎರಡೂ ಒಂದೇ ಕಡೆಗೆ ಬೆರಳು ತೋರಿಸಿದವು. 1957ರ ಹೊತ್ತಿಗೆ ನಮ್ಮ ದೇಶದಲ್ಲಿ ವಿದೇಶೀ ವಿನಿಮಯದ ಮುಗ್ಗಟ್ಟು ಉಂಟಾಗಿ ಆಮದು ಬಿಗಿಯಾಗಿತ್ತು. ಹಾಗಾದರೆ ಎರಡನೆಯದು ಬಂದದ್ದು ಹೇಗೆ?

ಅಕ್ಕ ಎದ್ದು ಹೋಗಿ ಭಾವನವರ ಜಮಾಖರ್ಚಿನ ಪುಸ್ತಕಗಳ ಕಟ್ಟನ್ನೇ ತಂದಳು. ದಿನದಿನದ ಹಾಲು, ಸೌದೆ, ಮಕ್ಕಳ ಶಾಲೆಯ ಫೀಸು ಎಲ್ಲವೂ ಅವರ ಮುದ್ದಾದ ಅಕ್ಷರದಲ್ಲಿದ್ದವು. 1963ರಲ್ಲಿ ಒಂದು ಕಡೆ, "ಅಮೆರಿಕದಿಂದ ಬಂದ ಸ್ನೇಹಿತರಿಗೆ ಕೈಗಡ ತೀರಿಸಿದ್ದು" ಎಂದು ಬರೆದು ಇನ್ನೂರೈವತ್ತು ರೂಪಾಯಿ ತೋರಿಸಿದ್ದರು. ಕೈಗಡ ತೆಗೆದುಕೊಂಡದ್ದು ಮಾತ್ರ ಯಾವ ಪುಟದಲ್ಲಿಯೂ ಇರಲಿಲ್ಲ. ಇದು ಧ್ವನಿವರ್ಧಕದ ಹಣವೇ ಎಂದು ನಾನು ಪ್ರಮಾಣ ಮಾಡಲಾರೆ. ಬಹುಮಟ್ಟಿಗೆ ಹೌದು ಎಂದಷ್ಟೇ ಹೇಳಬಲ್ಲೆ.

ಅಕ್ಕ ಆ ಪುಟವನ್ನು ಬಹಳ ಹೊತ್ತು ನೋಡಿದಳು. "ಆ ವರ್ಷ ನಾನು ಹೊಲಿಗೆ ಯಂತ್ರ ಕೇಳಿದ್ದೆ. ದುಡ್ಡಿಲ್ಲ ಎಂದಿದ್ದರು" ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಸಂಜೆಯವರೆಗೆ ಅವಳೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ತಾನೇ ನಕ್ಕು, "ಕೇಳಿದ್ದರೆ ನಾನೇನು ಬೇಡ ಎನ್ನುತ್ತಿದ್ದೆನೆ? ಬೇಡ ಎನ್ನುತ್ತಿದ್ದೆ, ಬಿಡು. ಎರಡು ಬಾಯಲ್ಲಿ ಹಾಡಿದಾಗ ಕೇಳಿ ಸಂತೋಷಪಟ್ಟವಳು ನಾನೂ ಹೌದು" ಎಂದಳು.

ಮಾರನೆಯ ದಿನ ಕೊಳ್ಳುವವರು ಬಂದರು. ಒಂದೇ ವರ್ಷದ ಜೊತೆಯಲ್ಲವೆಂದು ತಿಳಿದರೆ ಬೆಲೆ ಇಳಿಯುವುದೆಂದು ನಾನು ಅಕ್ಕನಿಗೆ ಮೊದಲೇ ಹೇಳಿದ್ದೆ. "ಇದ್ದದ್ದನ್ನು ಬರೆದುಕೊಡು. ಅವರು ನನಗೆ ಹೇಳಿದ ಸುಳ್ಳನ್ನು ನಾನು ಇನ್ನೊಬ್ಬರಿಗೆ ದುಡ್ಡಿಗೆ ಮಾರಲೇ?" ಎಂದಳು. ಒಂದು ಹಾಳೆಯಲ್ಲಿ ಬರೆದೆ: ಮೊದಲನೆಯದು 1956ರ ಜೂನ್ ನಡುವಣದ್ದಿರಬೇಕು, 1957ರ ಫೆಬ್ರವರಿಯಲ್ಲಿ ಮೈಸೂರಿಗೆ ಬಂದದ್ದು, ಎರಡನೆಯದು 1962ರ ಏಪ್ರಿಲ್ ಕೊನೆಗಿಂತ ಮುಂಚಿನದಲ್ಲ, ಬಹುಶಃ 1963ರಲ್ಲಿ ಬಂದದ್ದು, ಪೆಟ್ಟಿಗೆಗಳು ಮೈಸೂರಿನ ತೇಗ. ಬೆಲೆ ಇಳಿಯಿತು. ಆದರೂ ಅವರು ಕೊಂಡುಹೋದರು. ಹಾಳೆಯನ್ನೂ ಪೆಟ್ಟಿಗೆಯೊಳಗೇ ಅಂಟಿಸಿಕೊಂಡರು.

ಓದುಗರ ಮನೆಯ ಅಟ್ಟದಲ್ಲಿಯೂ ಇಂಥ ಹಳೆಯ ಯಂತ್ರಗಳು ಇದ್ದಾವು. ಅವರಲ್ಲಿ ನನ್ನದೊಂದು ವಿನಂತಿ. ಮಾರುವುದಾಗಲಿ ಎಸೆಯುವುದಾಗಲಿ ಆಮೇಲೆ. ಮೊದಲು ಬೆನ್ನ ಹಲಗೆ ಬಿಚ್ಚಿ ನೋಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಚೀಟಿಗಳನ್ನು ಕೀಳಬೇಡಿ, ಬಣ್ಣ ಬಳಿಯಬೇಡಿ. ಕಂಡ ಅಂಕೆಗಳನ್ನು ಕಂಡಂತೆಯೇ ಒಂದು ಕಾಗದದಲ್ಲಿ ಬರೆದಿಡಿ. ಮನೆಯ ಹಿರಿಯರು ಹೇಳುವ ಮಾತನ್ನೂ ಅದರ ಪಕ್ಕದಲ್ಲಿಯೇ ಬರೆಯಿರಿ. ಎರಡೂ ಹೊಂದದೆ ಹೋದರೆ ಒಂದನ್ನು ಅಳಿಸಬೇಡಿ. ಅಲ್ಲಿಯೇ ಏನೋ ನಡೆದಿರುತ್ತದೆ.